ಅವನ ಮಾತು, ಅವನದಲ್ಲದ ಮಾತು

ಗೆಳೆಯ ತೀರಿಕೊಂಡ ಮೇಲೆ ನಮ್ಮಿಬ್ಬರ ವಾಟ್ಸ್‌ಆ್ಯಪ್ ಮಾತುಕತೆಯನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡೆ. ನನ್ನ ಫೋನು ಹಳೆಯದು. ಅದು ಕೈಕೊಟ್ಟರೆ ಇವನ ಮಾತೂ ಅದರೊಟ್ಟಿಗೆ ಹೋಗಿಬಿಡುತ್ತದೆ ಎಂಬ ಭಯವಿತ್ತು. ದಿನಾಂಕ, ಗಂಟೆ, ಹೆಸರು ಸಮೇತ ಹಲವು ವರ್ಷಗಳ ಮಾತು ಒಂದೇ ಉದ್ದನೆಯ ಕಡತವಾಗಿ ಬಂತು. ರಾತ್ರಿ ಊಟವಾದ ಮೇಲೆ ಕುಳಿತು ಮೊದಲಿನಿಂದ ಓದುತ್ತ ಹೋದೆ. ಓದುತ್ತ ಹೋದಂತೆ ಎದೆಗೆ ತಾಗಿದ್ದು ಇಷ್ಟು: ಅಷ್ಟು ದೊಡ್ಡ ಕಡತದಲ್ಲಿ ಅವನು ಇರುವ ಜಾಗ ಬಹಳ ಸಣ್ಣದು.

ಉಳಿದದ್ದೆಲ್ಲ ಯಾರೋ ಬರೆದು ಯಾರೋ ಕಳಿಸಿದ್ದು. ಅರ್ಧರ್ಧ ಸಾಲಿಗೆ ನಕ್ಷತ್ರ ಚಿಹ್ನೆ ಹಾಕಿ ದಪ್ಪಕ್ಷರ ಮಾಡಿದ ಬರಹಗಳು, 'ನಿಜವಾದ ದೇಶಭಕ್ತರಾಗಿದ್ದರೆ ಹತ್ತು ಜನರಿಗೆ ತಲುಪಿಸಿ' ಎಂದು ಮುಗಿಯುವ ಪತ್ರಗಳು, ಮೂಲ ಯಾವುದೆಂದು ತಿಳಿಯದ ಇತಿಹಾಸ ಪಾಠಗಳು. ನಾನು ಕಳಿಸಿದವೂ ಹೆಚ್ಚಿನವು ಬೇರೆಯವರ ಲೇಖನಗಳೇ, ಪಕ್ಷ ಮಾತ್ರ ಬೇರೆ. ಅವನು ಒಂದು ಬಣ್ಣದವನು, ನಾನು ಅದರ ಎದುರಿನವನು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತ ಕಾಲದಿಂದಲೂ ಹಾಗೆಯೇ. ಆಗ ವಾದ ಮಾಡುತ್ತ ಕಾಲೇಜಿನಿಂದ ಸಾಧನಕೇರಿಯವರೆಗೆ ನಡೆದು, ವಾದ ಮುಗಿಯದ ಕಾರಣಕ್ಕೆ ಮತ್ತೆ ಅದೇ ದಾರಿಯಲ್ಲಿ ವಾಪಸು ಬರುತ್ತಿದ್ದೆವು. ಅವನಿಗೆ ಸಿಟ್ಟು ಬಂದರೆ ಮಾತಿನ ನಡುವೆ ತಡವರಿಸುತ್ತಿದ್ದ, ಆ ತಡವರಿಕೆಯಲ್ಲೇ ಅವನು ಯೋಚಿಸುತ್ತಿದ್ದಾನೆಂದು ಗೊತ್ತಾಗುತ್ತಿತ್ತು. ಬೇರೆ ಯಾರೋ ಬರೆದದ್ದನ್ನು ದಾಟಿಸುವಾಗ ಯಾರೂ ತಡವರಿಸುವುದಿಲ್ಲ.

ಅಂತರ್ಜಾಲ ಮನುಷ್ಯರನ್ನು ಕೆಡಿಸಿತು ಎಂದು ಸುಲಭವಾಗಿ ಹೇಳುವವರ ಜೊತೆ ನಾನಿಲ್ಲ. ಆದರೆ ಸಿದ್ಧಪಡಿಸಿದ ಸಿಟ್ಟನ್ನು ಇಷ್ಟು ಅಗ್ಗವಾಗಿ, ಇಷ್ಟು ವೇಗವಾಗಿ ಮನೆಮನೆಗೆ ಹಂಚಿದ ವ್ಯವಸ್ಥೆ ಹಿಂದೆ ಇರಲಿಲ್ಲ ಎಂಬುದು ನನಗೆ ಖಚಿತ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತೆಂದು ನೆನಪಿರಬಹುದು. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಅವರ ಕಾರಿಗಿಂತ ಮುಂದೆ ಓಡಿ ಮುಂದಿನ ಊರು ಮುಟ್ಟಿತು. ಅವರಲ್ಲೊಬ್ಬ ತರುಣ ಎಂಜಿನಿಯರ್ ಜನರ ಹೊಡೆತಕ್ಕೆ ಸತ್ತ. ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ತಂದಿತು, ದಾಟಿಸಿದ ಸಂದೇಶಕ್ಕೆ ಗುರುತು ಅಂಟಿಸತೊಡಗಿತು. ಅದಕ್ಕೂ ಹತ್ತು ತಿಂಗಳ ಮೊದಲು, 2017ರ ಸೆಪ್ಟೆಂಬರ್ 5ರಂದು, ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದಿದ್ದರು. ಅವರು ತಮ್ಮ ಪತ್ರಿಕೆಗೆ ಬರೆದ ಕೊನೆಯ ಸಂಪಾದಕೀಯದ ವಿಷಯ ಸುಳ್ಳು ಸುದ್ದಿ.

ಕಡತದಲ್ಲಿ ಒಂದು ಬೆಳಗಿನ ಪುಟವಿದೆ. ಏಳು ಗಂಟೆಗೆ ಅವನಿಂದ ಒಂದು ಉದ್ದನೆಯ ಸಂದೇಶ. ಮುಸಲ್ಮಾನರು ಈ ನೆಲಕ್ಕೆ ಏನನ್ನೂ ಕೊಟ್ಟಿಲ್ಲ ಎಂಬುದು ಅದರ ಸಾರ, ಭಾಷೆ ಅದಕ್ಕಿಂತ ಕೆಟ್ಟದ್ದು. ಒಂಬತ್ತು ಗಂಟೆಗೆ ಅವನಿಂದಲೇ ಒಂದು ಧ್ವನಿ ಸಂದೇಶ. ಬ್ಯಾಂಕಿಗೆ ಹೊರಟಿದ್ದಾನೆ, ಹಿನ್ನೆಲೆಯಲ್ಲಿ ಬಸ್ಸಿನ ಹಾರನ್ನು ಕೇಳುತ್ತದೆ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರ ಗುರು ಮಂಜಿ ಖಾನರ ಬಗ್ಗೆ ಮಾತನಾಡುತ್ತಾನೆ. 'ಯೋಚಿಸಿ ನೋಡು, ಮನಸೂರಿನ ಲಿಂಗಾಯತರ ಹುಡುಗ. ಮೊದಲು ಮಿರಜಿನ ನೀಲಕಂಠಬುವಾ ಹತ್ತಿರ ಗ್ವಾಲಿಯರ್ ಗಾಯನ. ಆಮೇಲೆ ಅಲ್ಲಾದಿಯಾ ಖಾನರ ಮಗ ಈ ಮಂಜಿ ಖಾನ್ ಕೈಹಿಡಿದು ಕಲಿಸುತ್ತಾನೆ. ಏನೂ ಮುಚ್ಚಿಡುವುದಿಲ್ಲ. 1937ರಲ್ಲಿ ಆ ಮಹಾನುಭಾವ ತೀರಿಕೊಂಡಾಗ ಇವರಿಗೆ ಹೇಗಾಗಿರಬೇಡ. ಸಹೋದರ ಬುರ್ಜಿ ಖಾನರು ಮತ್ತೆ ಮುಂದುವರಿಸುತ್ತಾರೆ, ಬಿಡುವುದಿಲ್ಲ. ಅವರು ಕೊಡದಿದ್ದರೆ ನಮ್ಮ ಧಾರವಾಡಕ್ಕೆ ಏನು ಉಳಿಯುತ್ತಿತ್ತು?' ಇಷ್ಟು ಹೇಳುವಷ್ಟರಲ್ಲಿ ಅವನ ಗಂಟಲು ಕಟ್ಟಿದೆ.

ಏಳು ಗಂಟೆಯದೂ ಒಂಬತ್ತು ಗಂಟೆಯದೂ ಒಂದೇ ಫೋನಿನಿಂದ ಬಂದವು. ಎರಡನ್ನೂ ಅವನೇ ಕಳಿಸಿದ. ನಾನು ನಂಬುವುದು ಒಂಬತ್ತು ಗಂಟೆಯವನನ್ನು. ಸತ್ತವನ ಮೇಲಿನ ಪ್ರೀತಿಯಿಂದ ಹೇಳುತ್ತಿಲ್ಲ. ಏಳು ಗಂಟೆಯದನ್ನು ಆ ಹೊತ್ತಿನಲ್ಲಿ ಸಾವಿರಾರು ಜನ ಅಕ್ಷರ ಬದಲಿಸದೆ ಕಳಿಸಿರುತ್ತಾರೆ. ಒಂಬತ್ತರದನ್ನು ಅವನೊಬ್ಬನೇ ಹೇಳಬಲ್ಲವನಾಗಿದ್ದ. ಹಾಗೆಂದು ಏಳು ಗಂಟೆಯದು ನಿರಪಾಯಕಾರಿ ಎನ್ನಲಾರೆ, ಮುರ್ಕಿಗೆ ಸುದ್ದಿ ತಲುಪಿದ್ದು ಅಂಥವರ ಕೈಯಿಂದಲೇ. ಒಳ್ಳೆಯ ಮನುಷ್ಯರು ಓದದೆ ದಾಟಿಸಿದ ಮಾತೂ ದಾಟಿಸಿದ ಮಾತೇ.

ಅವನ ಧ್ವನಿ ಸಂದೇಶಗಳನ್ನು ಬೇರೆಯಾಗಿ ಹುಡುಕಿದೆ. ಫೋನಿನ ಒಳಗೆ ಅವಕ್ಕೊಂದು ಪ್ರತ್ಯೇಕ ಕೋಶ ಇರುತ್ತದೆ. ವರ್ಷ ಮತ್ತು ವಾರದ ಅಂಕಿ ಹಾಕಿದ ಸಣ್ಣ ಸಣ್ಣ ಕಪಾಟುಗಳಂತೆ ವಿಂಗಡಣೆಯಾಗಿ, ಪ್ರತಿಯೊಂದು ಕಡತಕ್ಕೂ ದಿನಾಂಕದ ಹೆಸರು ಅಂಟಿಕೊಂಡಿರುತ್ತದೆ. ಎಲ್ಲರದೂ ಒಟ್ಟಿಗೆ ಕಲೆತಿರುವುದರಿಂದ ಒಂದೊಂದಾಗಿ ತೆರೆದು ಕೇಳಬೇಕು. ನೀರಿನ ಟ್ಯಾಂಕರಿನವನು, ನನ್ನ ತಂಗಿ, ಗ್ಯಾಸ್ ಏಜೆನ್ಸಿಯ ಹುಡುಗ, ಅವರ ನಡುವೆ ಇವನು.

ಇವನ ಸಂದೇಶಗಳಲ್ಲಿ ಬಹುಪಾಲು ಸಂಗೀತದ್ದು. ಯೂಟ್ಯೂಬಿನ ಒಂದು ಕೊಂಡಿ ಕಳಿಸುತ್ತಿದ್ದ, ಅದರ ಬೆನ್ನಿಗೇ ಧ್ವನಿ: 'ಪೂರ್ತಿ ಕೇಳಲು ಪುರುಸೊತ್ತಿಲ್ಲದಿದ್ದರೆ ಹನ್ನೊಂದನೇ ನಿಮಿಷಕ್ಕೆ ಹೋಗು. ಇಲ್ಲಿ ಷಡ್ಜಕ್ಕೆ ಬಂದು ನಿಲ್ಲುತ್ತಾರೆ ಅಂದುಕೊಂಡಿರುತ್ತೀಯ. ಬರುವುದಿಲ್ಲ. ಇನ್ನೊಂದು ಸುತ್ತು ಹೋಗುತ್ತಾರೆ, ಅದೇ ಉಸಿರಿನಲ್ಲಿ.' ಅವನ ಈ ನಿಮಿಷಗಳ ಲೆಕ್ಕ ತಪ್ಪುತ್ತಿರಲಿಲ್ಲ. ಮನಸೂರರ ನಟ್ ಬಿಹಾಗ್ ಅವನಿಗೆ ಪ್ರಾಣ. ಬಿಹಾಗ ಎಂದು ನಾವು ಒರಗಿ ಕುಳಿತುಕೊಳ್ಳುವಷ್ಟರಲ್ಲಿ ನಟ್ ಎದುರಿಗೆ ಬಂದು ನಿಲ್ಲುತ್ತದೆ, ಅದನ್ನು ಹಿಡಿಯುವಷ್ಟರಲ್ಲಿ ಮತ್ತೆ ಬಿಹಾಗ. ಇಂಥ ಜೋಡು ರಾಗಗಳನ್ನು ಅಲ್ಲಾದಿಯಾ ಖಾನರ ಜೈಪುರ ಘರಾಣೆಯವರು ತಮ್ಮ ಆಸ್ತಿಯಂತೆ ಕಾಪಾಡಿಕೊಂಡು ಬಂದರು. ಮನಸೂರರು ಅವನ್ನು ಹಾಡುವಾಗ ಕ್ಲಿಷ್ಟವಾದದ್ದೇನನ್ನೋ ಮಾಡುತ್ತಿದ್ದೇನೆ ಎಂಬ ಸುಳಿವೇ ಕೊಡುವುದಿಲ್ಲ. ಅವರಿಗೆ ಪದ್ಮವಿಭೂಷಣ ಬಂದದ್ದೂ ಅವರು ತೀರಿಕೊಂಡದ್ದೂ 1992ರಲ್ಲೇ. ನಾವಿಬ್ಬರೂ ಅವರನ್ನು ಎದುರಿಗೆ ಕುಳಿತು ಕೇಳಿದವರಲ್ಲ, ಧ್ವನಿಮುದ್ರಿಕೆಗಳಲ್ಲೇ ಕೇಳಿದವರು.

ಇಲ್ಲಿ ಅಂತರ್ಜಾಲಕ್ಕೆ ನಾನು ಕೃತಜ್ಞ. ಧಾರವಾಡ ಆಕಾಶವಾಣಿ ಆರಂಭವಾದದ್ದು 1950ರ ಜನವರಿ 8ರಂದು. ಆ ಕಾಲದಿಂದ ನಮ್ಮ ಊರಿನ ಗಾಯಕರು ಹಾಡಿದ್ದು ಟೇಪುಗಳಲ್ಲಿ ಉಳಿಯಿತು, ಕೆಲವು ಮನೆಗಳಲ್ಲಿ ರೇಡಿಯೊ ಮುಂದೆ ಕ್ಯಾಸೆಟ್ ಇಟ್ಟು ಹಿಡಿದುಕೊಂಡದ್ದೂ ಉಳಿಯಿತು. ಅಂಥ ಕ್ಯಾಸೆಟ್ ಒಂದು ಬೇಕೆಂದರೆ ಮೊದಲು ಇಟ್ಟುಕೊಂಡವರ ಮನೆ ಬಾಗಿಲಿಗೆ ಹೋಗಿ, ಚಹಾ ಕುಡಿದು, ಅವರ ಮನಸ್ಸು ಕರಗುವವರೆಗೆ ಕಾಯಬೇಕಿತ್ತು. ಈಗ ಹೆಸರು ಹೇಳಿಕೊಳ್ಳದ ಎಷ್ಟೋ ಜನ ಆ ಸವೆದ ಟೇಪುಗಳನ್ನು ಸ್ವಚ್ಛ ಮಾಡಿ, ರಾಗ, ತಾಳ, ತಬಲಾ ಯಾರದು, ಹಾರ್ಮೋನಿಯಂ ಯಾರದು ಎಂದು ವಿವರ ಬರೆದು, ಬಿಟ್ಟಿಯಾಗಿ ಜಗತ್ತಿಗೇ ಇಟ್ಟುಬಿಟ್ಟಿದ್ದಾರೆ. ಇದಕ್ಕಿಂತ ದೊಡ್ಡ ದಾನ ನನ್ನ ಕಾಲದಲ್ಲಿ ನಾನು ಕಂಡಿಲ್ಲ. ವಿಲಂಬಿತದ ನಡುವೆ ಜಾಹೀರಾತು ನುಗ್ಗಿದಾಗ ಗೆಳೆಯ ಕೂಗಾಡುತ್ತಿದ್ದ, ಆದರೂ ಮರುಕ್ಷಣವೇ ಆ ಟೇಪು ಹಾಕಿದ ಅಪರಿಚಿತನಿಗೆ ಕನ್ನಡದಲ್ಲೇ ಧನ್ಯವಾದ ಬರೆಯುತ್ತಿದ್ದ. ಓದುವವನಿಗೆ ಕನ್ನಡ ಬರುತ್ತದೋ ಇಲ್ಲವೋ ಎಂದು ಯೋಚಿಸುತ್ತಿರಲಿಲ್ಲ.

ಒಂದೇ ಪರದೆ, ಒಂದೇ ಜಾಲ. ಮನಸೂರರ ಹಾಡು ಮುಗಿದ ತಕ್ಷಣ ಅದರ ಕೆಳಗೆ ಟಿವಿ ಚರ್ಚೆಯ ತುಣುಕೊಂದು ತಾನಾಗಿ ಓಡಲು ಶುರುವಾಗುತ್ತದೆ, ಐದು ಜನ ಒಟ್ಟಿಗೆ ಕಿರಿಚುತ್ತಾರೆ. ಯಂತ್ರಕ್ಕೆ ನಾವು ಇನ್ನಷ್ಟು ಹೊತ್ತು ಕೂತಿರಬೇಕು, ಅಷ್ಟೇ. ಸಂಗೀತ ಕೇಳಿ ಕೂತರೂ ಸೈ, ಸಿಟ್ಟಿಗೆದ್ದು ಕೂತರೂ ಸೈ. ಸಿಟ್ಟಿನವನು ಹೆಚ್ಚು ಹೊತ್ತು ಕೂರುತ್ತಾನೆ ಎಂಬುದನ್ನು ಅದು ಬೇಗ ಕಲಿತುಬಿಟ್ಟಿದೆ.

ರಾಜಕೀಯದಲ್ಲಿ ಅವನ ಸ್ವಂತ ಮಾತು ಇರಲೇ ಇಲ್ಲವೆಂದರೆ ಅವನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಇತ್ತು, ಅದು ಹೊರಬರುತ್ತಿದ್ದ ಸಂದರ್ಭ ಬೇರೆ. 2015ರ ಆಗಸ್ಟ್ 30ರ ಭಾನುವಾರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಕೊಂದಾಗ ಮೊದಲು ಫೋನ್ ಮಾಡಿದವನು ಅವನೇ. ಕಲಬುರ್ಗಿಯವರ ವಿಚಾರಗಳನ್ನು ಅವನು ಯಾವತ್ತೂ ಒಪ್ಪಿದವನಲ್ಲ. ವಿದ್ಯಾವರ್ಧಕ ಸಂಘದಲ್ಲಿ ಅವರ ಉಪನ್ಯಾಸ ಕೇಳಿ ಬಂದು ನನ್ನ ಜೊತೆ ಜಗಳ ಆಡಿದ್ದ. ಆ ದಿನ ಅವನು ಹೇಳಿದ್ದು ಎರಡೇ ಮಾತು: 'ಬಾಗಿಲು ತಟ್ಟಿ ಕೊಂದರಂತೆ. ಬಾಗಿಲು ತೆರೆಯುವ ಊರು ಇದು.' ಸಂಜೆಯ ಹೊತ್ತಿಗೆ ಅವನಿದ್ದ ಒಂದು ಗುಂಪಿನಲ್ಲಿ ಆ ಕೊಲೆಯನ್ನು ಸಂಭ್ರಮಿಸುವ ಸಂದೇಶ ಬಂತು. ಅವನು ಆ ಗುಂಪಿನಿಂದ ಹೊರಬಂದ. ಬರುವ ಮೊದಲು ಏನು ಬರೆದಿದ್ದನೆಂಬುದನ್ನು ನನಗೂ ಕಳಿಸಿದ್ದ. 'ನನಗೆ ಅವರ ಜೊತೆ ವಾದ ಬಾಕಿ ಇತ್ತು' ಎಂದು ಬರೆದಿದ್ದ. ಅದು ಯಾರಿಂದಲೂ ಬಂದ ಸಾಲಲ್ಲ.

ಇನ್ನೊಂದು, ಮಹದಾಯಿ ನದಿಯ ನೀರನ್ನು ಮಲಪ್ರಭೆಗೆ ತಿರುಗಿಸುವ ವಿಚಾರವಾಗಿ ಗೋವಾದೊಂದಿಗಿನ ವಿವಾದ. ಅವನ ಊರು ನವಲಗುಂದ ತಾಲ್ಲೂಕಿನದು. ಎರೆ ಹೊಲ, ಹೆಸರು, ಹತ್ತಿ, ಕಡಲೆ, ಮೆಣಸಿನಕಾಯಿ. ಮಲಪ್ರಭೆಯ ಕಾಲುವೆಯ ಬಾಲದ ಕಡೆಯ ಊರು, ಕಾಗದದಲ್ಲಿ ನೀರಾವರಿ, ಕಣ್ಣಿಗೆ ಒಣ ಬೇಸಾಯ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗುಂಡು ಹಾರಿದ್ದು ಇದೇ ಸಿಟ್ಟಿಗೆ: ನೀರು ಮುಟ್ಟದ ಹೊಲಕ್ಕೂ ನೀರಾವರಿಯ ಕರ ಕೇಳಿದ್ದರು. ಆಗ ಅವನಿನ್ನೂ ಸಣ್ಣವನು, ಅವ್ವ ಮಕ್ಕಳನ್ನು ಒಳಗೆ ಹಾಕಿ ಚಿಲಕ ಹಾಕಿದ್ದು ನೆನಪಿದೆ ಎನ್ನುತ್ತಿದ್ದ. 2016ರ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ನೀರಿಗಾಗಿ ಕರ್ನಾಟಕದ ಮಧ್ಯಂತರ ಕೋರಿಕೆಯನ್ನು ತಳ್ಳಿಹಾಕಿದಾಗ, ಅದರ ಬೆನ್ನಿಗೆ ಯಮನೂರಿನಲ್ಲಿ ಪೊಲೀಸರು ಮನೆಗಳಿಗೆ ನುಗ್ಗಿ ಹೆಂಗಸರು ಮುದುಕರೆನ್ನದೆ ಹೊಡೆದಾಗ, ಅವನ ಧ್ವನಿ ಸಂದೇಶಗಳು ಸರಣಿಯಾಗಿ ಬಂದಿವೆ. ಅವುಗಳಲ್ಲಿ ಒಂದೂ ಘೋಷಣೆಯಿಲ್ಲ. ಕಣಕುಂಬಿಯಲ್ಲಿ ಕಳಸಾ ನಾಲೆಯ ಕೆಲಸ ಎಲ್ಲಿಗೆ ನಿಂತಿದೆ, ನವಿಲುತೀರ್ಥದ ಅಣೆಕಟ್ಟು ಎಷ್ಟು ವರ್ಷ ತುಂಬಿಲ್ಲ, ಬೆಣ್ಣಿಹಳ್ಳ ಮಳೆಗಾಲದಲ್ಲಿ ಊರು ಮುಳುಗಿಸಿ ಬೇಸಿಗೆಯಲ್ಲಿ ಯಾಕೆ ಬತ್ತುತ್ತದೆ, ಹೀಗೆ. ತನ್ನದೇ ಪಕ್ಷದವರನ್ನು ಹೆಸರು ಹಿಡಿದು ತರಾಟೆಗೆ ತೆಗೆದುಕೊಳ್ಳುತ್ತಾನೆ. ಗೋವಾದವರನ್ನು ಬಿಡುವುದಿಲ್ಲ. ನಾನು ಬೆಂಗಳೂರಿನಲ್ಲಿ ಅಧಿಕಾರ ಮಾಡಿದ ಎಲ್ಲ ಪಕ್ಷಗಳೂ ಕಾರಣ ಎಂದರೆ, ಅದೂ ಹೌದು, ಆದರೆ ಮೊದಲು ಗೋವಾ ಎನ್ನುತ್ತಾನೆ. ಈ ವಾದವನ್ನು ನಾವು ಜೀವ ತುಂಬಿ ಮಾಡಿದ್ದೇವೆ. ಕಾರಣ, ಅವನು ಮಾತಾಡುತ್ತಿದ್ದದ್ದು ತಾನು ಮೆಟ್ಟಿದ ನೆಲದ ಬಗ್ಗೆ. ಆ ನೆಲದ ಬಗ್ಗೆ ಯಾರೂ ಅವನಿಗೆ ಸಂದೇಶ ಸಿದ್ಧಪಡಿಸಿ ಕೊಡಬೇಕಾಗಿರಲಿಲ್ಲ.

ಕಾಯಿಲೆ ಬಂದಮೇಲೆ ಅವನು ದಾಟಿಸುವುದನ್ನು ನಿಲ್ಲಿಸಿದ. ತೀರ್ಮಾನ ಮಾಡಿ ನಿಲ್ಲಿಸಿದ್ದಲ್ಲ, ಓದಲು ಶಕ್ತಿಯಿರಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಾನು ಹೋದಾಗಲೆಲ್ಲ ಫೋನು ಎದೆಯ ಮೇಲೆ, ಹೊದಿಕೆಯ ಕೆಳಗೆ ಇರುತ್ತಿತ್ತು. ಇಯರ್‌ಫೋನ್ ಹಾಕಿದರೆ ಕಿವಿ ನೋಯುತ್ತದೆಂದು, ಪಕ್ಕದ ಹಾಸಿಗೆಯವರಿಗೆ ಕೇಳಿಸದಷ್ಟು ಮೆಲ್ಲಗೆ ಹಚ್ಚಿಟ್ಟುಕೊಂಡಿರುತ್ತಿದ್ದ. ನನಗೆ ಹಾಡು ಕೇಳಿಸುತ್ತಿರಲಿಲ್ಲ, ಕಾಣಿಸುತ್ತಿತ್ತು. ಸಲೈನಿನ ಸೂಜಿ ಇಲ್ಲದ ಕೈಯ ತೋರುಬೆರಳು ಹಾಸಿಗೆಯ ಅಂಚಿನ ಮೇಲೆ ತೀನ್‌ತಾಲ್ ಎಣಿಸುತ್ತಿತ್ತು. ತಾಳದ ಹದಿನಾರು ಮಾತ್ರೆಗಳಲ್ಲಿ ಒಂಬತ್ತನೆಯದಕ್ಕೆ ಬೆರಳು ತಾಗದೆ ಮೇಲೆ ನಿಲ್ಲುತ್ತಿತ್ತು, ಖಾಲಿ. ಹದಿನಾರು ಮುಗಿದು ಸಮಕ್ಕೆ ಬರುವಾಗ ಗದ್ದ ಒಂದಿಷ್ಟು ಕೆಳಗಿಳಿಯುತ್ತಿತ್ತು. ಒಮ್ಮೆ ನರ್ಸ್ ಬಂದು ರಕ್ತದೊತ್ತಡ ನೋಡಲು ಆ ಕೈಯನ್ನೇ ಹಿಡಿದರು. ಪಟ್ಟಿ ಬಿಗಿದು ಬಿಡುವವರೆಗೆ ಅವನು ಕಾಲಿನ ಹೆಬ್ಬೆರಳಿನಲ್ಲಿ ಎಣಿಕೆ ಮುಂದುವರಿಸಿದ. ನಾವು ಆ ದಿನ ರಾಜಕೀಯ ಮಾತಾಡಲಿಲ್ಲ. ಮಾತಾಡಬಾರದೆಂದಲ್ಲ, ಚುನಾವಣೆಯ ಸುದ್ದಿ ಹೊರಗೆ ಟಿವಿಯಲ್ಲಿ ಓಡುತ್ತಲೇ ಇತ್ತು. ಅವನಿಗೆ ಆ ರಾಗ ಮುಗಿಯುವುದರೊಳಗೆ ಬೇರೆ ಏನೂ ಬೇಕಾಗಿರಲಿಲ್ಲ.

ಅವನು ಹೋದ ಸುದ್ದಿಯನ್ನು ಮಗನೇ ಕಾಲೇಜು ಗೆಳೆಯರ ಗುಂಪಿನಲ್ಲಿ ಅವನದೇ ಫೋನಿನಿಂದ ಹಾಕಿದ. ಅದರ ಕೆಳಗೆ ಒಂದರ ಹಿಂದೊಂದು 'ಓಂ ಶಾಂತಿ', ಜೋಡಿಸಿದ ಕೈಗಳು, ದೀಪದ ಚಿತ್ರ, ಮತ್ತೆ 'ಓಂ ಶಾಂತಿ'. ಇದನ್ನು ಕೆಲವರು ಹಗುರವಾಗಿ ಕಾಣುತ್ತಾರೆ, ಯಾಂತ್ರಿಕ ಎನ್ನುತ್ತಾರೆ. ನಾನು ಆ ಸಾಲುಗಳನ್ನು ಒಂದೊಂದಾಗಿ ಓದಿದೆ, ಹೆಸರು ನೋಡಿ ನೋಡಿ ಓದಿದೆ, ನನಗೆ ಸಮಾಧಾನವಾಯಿತು. ದುಃಖಕ್ಕೆ ಸಿದ್ಧ ಮಾತು ಸಾಲುತ್ತದೆ. ಹಿಂದೆ ಸಾವಿನ ಸುದ್ದಿಯ ಕಾರ್ಡಿನ ಮೂಲೆ ಹರಿದು, ತಲೆಬರಹದಲ್ಲಿ ಅದೇ ನಾಲ್ಕು ಶಬ್ದ ಬರೆದು ಕಳಿಸುತ್ತಿದ್ದರು, ಯಾರೂ ಹೊಸ ವಾಕ್ಯ ಬೇಕೆನ್ನಲಿಲ್ಲ. ಸಾವಿನ ಮನೆಗೆ ಬಂದವರು ಏನು ಹೇಳಿದರೆಂಬುದನ್ನು ಮನೆಯವರು ನೆನಪಿಡುವುದಿಲ್ಲ, ಯಾರು ಬಂದರೆಂಬುದನ್ನು ನೆನಪಿಡುತ್ತಾರೆ. ಜಗಳದ ನಿಯಮ ಬೇರೆ. ಇನ್ನೊಬ್ಬರ ಮೇಲೆ ಹೊರಿಸುವ ಆರೋಪ, ಒಂದು ಸಮುದಾಯದ ಬಗ್ಗೆ ಕೊಡುವ ತೀರ್ಪು, ಇವನ್ನು ಎರವಲು ತಂದು ಆಡಬಾರದು. ಸ್ವಂತ ಬಾಯಿಯಿಂದ, ತಡವರಿಸಿಯಾದರೂ, ಎದುರಿನವನ ಮುಖ ನೋಡಿ ಆಡಬೇಕು. ಹಾಗೆ ಆಡಿದ ಮಾತಿಗೆ ಅರ್ಧದಲ್ಲಿ ನಿಲ್ಲುವ ಅವಕಾಶವಿರುತ್ತದೆ.

ಅವನ ಸಂಖ್ಯೆ ಇನ್ನೂ ಇದೆ. ನಮ್ಮ ದೇಶದಲ್ಲಿ ಸ್ಥಗಿತಗೊಂಡ ಮೊಬೈಲ್ ಸಂಖ್ಯೆಯನ್ನು ತೊಂಬತ್ತು ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ವಾಟ್ಸ್‌ಆ್ಯಪ್ ಕೂಡ 120 ದಿನ ಬಳಸದ ಖಾತೆಯನ್ನು ಅಳಿಸುತ್ತದೆ. ಹೀಗೆ ಎಷ್ಟೋ ಜನರ ಫೋನಿನಲ್ಲಿ ತೀರಿಕೊಂಡ ತಂದೆಯ ಹೆಸರಿನ ಪಕ್ಕ ಒಂದು ದಿನ ಯಾವುದೋ ತರುಣನ ಬೈಕಿನ ಚಿತ್ರ ಬಂದು ಕೂತಿರುತ್ತದೆ. ಅವನ ಹೆಂಡತಿಗೆ, ಎಂದರೆ ನಮ್ಮ ವೈನಿಗೆ, ಯಾರೋ ಇದನ್ನು ಹೇಳಿದ್ದಾರೆ. ಅವರು ಸಿಮ್ಮನ್ನು ತಮ್ಮ ಫೋನಿನ ಎರಡನೇ ಖಾನೆಗೆ ಹಾಕಿಸಿಕೊಂಡು ತಪ್ಪದೆ ರೀಚಾರ್ಜ್ ಮಾಡಿಸುತ್ತಿದ್ದಾರೆ. 'ಅವರ ನಂಬರಿನಿಂದ ಬೇರೆ ಯಾರೂ ಮಾತಾಡಬಾರದು' ಎಂದರು. ಫೇಸ್‌ಬುಕ್‌ನಲ್ಲಿ ಖಾತೆಯನ್ನು ಸ್ಮರಣೆಗಾಗಿ ಇಡಿಸಬಹುದು, ಮನೆಯವರಲ್ಲೊಬ್ಬರನ್ನು ಅದಕ್ಕೆ ಉಸ್ತುವಾರಿಯಾಗಿ ಮೊದಲೇ ನೇಮಿಸುವ ವ್ಯವಸ್ಥೆಯೂ 2015ರಲ್ಲಿ ಬಂತು. ಅವನು ಅದೇನನ್ನೂ ಮಾಡಿರಲಿಲ್ಲ. ಹಾಗಾಗಿ ಅವನ ಹುಟ್ಟುಹಬ್ಬಕ್ಕೆ, ಅವನು ಹೋದದ್ದು ಗೊತ್ತಿಲ್ಲದ ಒಬ್ಬರು ನೂರು ವರ್ಷ ಬಾಳಿ ಎಂದು ಹಾರೈಸಿದ್ದರು. ನಾನು ಅವರಿಗೆ ವಿಷಯ ತಿಳಿಸಿದೆ. ಅವರು ನನ್ನ ಫೋನ್ ಸಂಖ್ಯೆ ಕೇಳಿ ಪಡೆದು, ಅರ್ಧ ಗಂಟೆ ಅವನ ಬಗ್ಗೆ ಮಾತಾಡಿದರು. ಅವನು ಬ್ಯಾಂಕಿನಲ್ಲಿ ಅವರ ಸಾಲದ ಅರ್ಜಿಯನ್ನು ತಾನೇ ಕುಳಿತು ತುಂಬಿಕೊಟ್ಟಿದ್ದನಂತೆ.

ಧ್ವನಿ ಸಂದೇಶಗಳನ್ನೆಲ್ಲ ಆರಿಸಿ ಒಂದು ಪೆನ್‌ಡ್ರೈವಿಗೆ ಹಾಕಿ ಗೆಳೆಯನ ಮನೆಗೆ ಕೊಟ್ಟು ಬಂದೆ. ದಾಟಿಸಿದ ಸಂದೇಶಗಳನ್ನು ಕೊಡಲಿಲ್ಲ, ಅವು ಎಲ್ಲರ ಮನೆಯಲ್ಲೂ ಇವೆ. ಮಗನಿಗೆ ಹಿಂದೂಸ್ತಾನಿ ರುಚಿಸುವುದಿಲ್ಲ, ಅವನು ಕೇಳುವುದು ಕನ್ನಡ ರ‍್ಯಾಪ್. ಆದರೆ ಮಹದಾಯಿಯ ಸಂದೇಶಗಳನ್ನು ಪೂರ್ತಿ ಕೇಳಿದ್ದಾನೆ. ಕೇಳಿ, ಬೆಂಗಳೂರಿನಿಂದ ಒಂದು ರಾತ್ರಿ ನನಗೆ ಫೋನ್ ಮಾಡಿದ.

'ಕಾಕಾ, ಅಪ್ಪ ಗೋವಾದವರನ್ನು ಬೈಯುತ್ತಿದ್ದರು. ನೀವು ಬೆಂಗಳೂರಿನವರನ್ನು ಬೈಯುತ್ತಿದ್ದಿರಿ. ಮೇಲಿನ ಕಾಲುವೆಯ ಊರುಗಳಲ್ಲಿ ಕಬ್ಬು ಹಾಕಿಕೊಂಡು ಕುಳಿತವರನ್ನು ಇಬ್ಬರೂ ಬೈಯಲಿಲ್ಲ. ಅಲ್ಲೇ ನೀರು ಮುಗಿದರೆ ನಮ್ಮ ಹೊಲಕ್ಕೆ ಎಲ್ಲಿಂದ ಬರಬೇಕು? 2018ರ ತೀರ್ಪಿನ 13.42 ಟಿಎಂಸಿ ನಾಳೆಯೇ ಬಂದರೂ ಮೊದಲು ಅವರೇ ಹಿಡಿಯುತ್ತಾರೆ.'

ನಾನು ಒಪ್ಪಲಿಲ್ಲ. ಆ ತೀರ್ಪಿನ ನೀರಿನಲ್ಲಿ ಕುಡಿಯುವುದಕ್ಕೆಂದೇ ಒಂದು ಪಾಲಿದೆ, ಕೇಂದ್ರ 2020ರಲ್ಲಿ ಅಧಿಸೂಚನೆ ಹೊರಡಿಸಿದ ಮೇಲೂ ಅರಣ್ಯದ ಅನುಮತಿಗೆ ಕಾಯುತ್ತಿರುವುದು ಆ ಪಾಲೂ ಕೂಡ, ಮೇಲಾಗಿ ಕಬ್ಬು ಹಾಕಿದವನಿಗೆ ಹತ್ತಿಯಲ್ಲಿ ಭರವಸೆಯ ಬೆಲೆ ಸಿಕ್ಕಿದ್ದರೆ ಅವನು ಕಬ್ಬಿಗೆ ಹೋಗುತ್ತಿರಲಿಲ್ಲ ಎಂದೆ. ಅವನು ಬೆಲೆಯ ಮಾತು ಬೇರೆ, ಕಾಲುವೆಯ ಮಾತು ಬೇರೆ ಎಂದ. ಮಾತು ಬೆಳೆಯಿತು. ಅವನ ಲೆಕ್ಕದಲ್ಲಿ ಒಂದು ಕಡೆ ತಪ್ಪಿತ್ತು, ಹೇಳಿದೆ. ಅವನು ಒಂದು ಕ್ಷಣ ಸುಮ್ಮನಿದ್ದು, ಹೇಳಲು ಹೊರಟದ್ದನ್ನು ಅರ್ಧಕ್ಕೆ ಬಿಟ್ಟು, ಬೇರೆ ಕಡೆಯಿಂದ ಮತ್ತೆ ಶುರು ಮಾಡಿದ. ಯಾವ ಊರಿನ ಕಾಲುವೆಗೆ ಎಷ್ಟು ನೀರು ಬಿಟ್ಟಿದ್ದಾರೆಂಬ ಅಂಕಿಗಳನ್ನು ನೀರಾವರಿ ಕಚೇರಿಯಿಂದ ಮಾಹಿತಿ ಹಕ್ಕಿನಲ್ಲಿ ಕೇಳುತ್ತೇನೆ, ಬಂದಮೇಲೆ ತೋರಿಸುತ್ತೇನೆ ಎಂದ. ತೆಗೆದುಕೊಂಡು ಬಾ, ಕುಳಿತು ನೋಡೋಣ ಎಂದೆ.